ಏಳರ ಮಗ್ಗಿ

ನನ್ನ ಕಾಲುಗಳು ನೋಡುವುದಕ್ಕೆ ಚೆನ್ನಾಗಿಲ್ಲ. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್ ಮುಂದೆ ನಿಂತೂ ನಿಂತೂ ಹಿಮ್ಮಡಿ ಒಡೆದಿವೆ, ಮೀನಖಂಡದಲ್ಲಿ ನರ ಗಂಟುಗಟ್ಟಿವೆ. ಹೊರದೇಶಕ್ಕೆ ಹೊರಡುವಾಗ ನನ್ನನ್ನು ಕಾಡಿದ ಚಿಂತೆಗಳಲ್ಲಿ ಇದೂ ಒಂದು: ಅಲ್ಲಿನವರು ನನ್ನ ಕಾಲು ನೋಡಿಬಿಟ್ಟರೆ ಏನು ಗತಿ? ಕೊನೆಗೆ ಅಲ್ಲಿ ನನ್ನದು ಏನಾದರೂ ಉಪಯೋಗಕ್ಕೆ ಬಂದಿದ್ದರೆ ಅದು ಆ ಕಾಲುಗಳೇ.

ಹೋಗಿದ್ದು ಮಕ್ಕಳ ಮನೆಯೊಂದಕ್ಕೆ. ಹೆತ್ತವರಿಲ್ಲದ, ಇದ್ದೂ ಇಲ್ಲದಂತಾದ ಮಕ್ಕಳು. ಒಂದು ವರ್ಷದ ಸ್ವಯಂಸೇವೆ. ಟಿಕೆಟ್ಟು, ಊಟ, ಇರಲು ಒಂದು ಕೋಣೆ ಅವರದು, ಸಂಬಳ ಇಲ್ಲ.

"ಸಂಬಳ ಇಲ್ಲದ ಕೆಲಸಕ್ಕೆ ವಿಮಾನ ಹತ್ತಿ ಹೋಗೋಳು ನೀನೊಬ್ಬಳೇ ನೋಡು," ಎಂದಿದ್ದಳು ಅಕ್ಕ. "ಇಲ್ಲೇ ನಮ್ಮನೆ ಪಾತ್ರೆ ತೊಳಿ, ನಾನೂ ಸಂಬಳ ಕೊಡಲ್ಲ."

ಆದರೆ ಅಕ್ಕನ ಮನೆಯಲ್ಲಿ ನನಗೆ ಕೆಲಸ ಮುಗಿದುಹೋಗಿತ್ತು. ಅವಳ ಮಗ ಹೈಸ್ಕೂಲು ಸೇರಿ, ಕೋಣೆಯ ಬಾಗಿಲು ಹಾಕಿಕೊಳ್ಳುವುದನ್ನು ಕಲಿತಿದ್ದ.

ಹೊಸ ಜಾಗಕ್ಕೆ ಒಗ್ಗಿಕೊಳ್ಳುವುದು ನಾನು ಅಂದುಕೊಂಡ ಹಾಗಿರಲಿಲ್ಲ. ದೊಡ್ಡ ವಿಷಯಗಳು ಸಲೀಸಾಗಿ ಬಂದವು, ಸಣ್ಣವು ಸತಾಯಿಸಿದವು. ಕಟ್ಟಡದ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಕೀಲಿ ಒಳಗೇ ಬಿಟ್ಟು ಎಷ್ಟೋ ಸಲ ಮೆಟ್ಟಿಲ ಮೇಲೆ ಕೂತಿದ್ದೇನೆ. ಬಸ್ಸಿನಲ್ಲಿ ಪಕ್ಕದವರು ಯಾವ ಊರು ಎಂದು ಕೇಳುತ್ತಿರಲಿಲ್ಲ. ನಾನೇ ಬಾಯಿ ತಡೆಯಲಾರದೆ, ಕಲಿತ ಅರೆಬರೆ ಭಾಷೆಯಲ್ಲಿ ಕಂಡವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳುತ್ತಿದ್ದೆ. ಮಕ್ಕಳ ಮನೆಯ ಅಡುಗೆಯಾಕೆ ಇದನ್ನು ಕೇಳಿದಾಗಲೆಲ್ಲ ಪಾಪ, ಇವಳಿಗೆ ಹಸಿವು ಎಂದುಕೊಂಡು ನನಗೊಂದು ತಟ್ಟೆ ತುಂಬಿ ಕೊಡುತ್ತಿದ್ದಳು. ಬೇಡ ಎನ್ನಲು ಸಂಕೋಚ. ಎರಡೆರಡು ಸಲ ಉಂಡು ದಪ್ಪಗಾದೆ.

ನನ್ನ ಪಾಲಿಗೆ ಬಂದದ್ದು ಕೆಳಮಹಡಿಯ ಪುಟ್ಟ ಮಕ್ಕಳು. ಅವರಲ್ಲೊಬ್ಬಳಿಗೆ ನಾನು ಸಾಸಿವೆ ಎಂದು ಹೆಸರಿಟ್ಟೆ. ಎರಡು ವರ್ಷ ದಾಟಿತ್ತು, ನೋಡಲು ಇಷ್ಟೇ ಇಷ್ಟು, ಮುಟ್ಟಿದರೆ ಸಿಡಿಯುತ್ತಿದ್ದಳು. ಮಧ್ಯಾಹ್ನ ಉಳಿದ ಮಕ್ಕಳು ತೊಟ್ಟಿಲಮಂಚದಲ್ಲಿ ಹೊರಳಿ ಹೊರಳಿ ಮಲಗಿದರೆ, ಇವಳು ಕಂಬಿ ಹಿಡಿದು ನಿಂತಿರುತ್ತಿದ್ದಳು. ಅಳುತ್ತಲೂ ಇರಲಿಲ್ಲ. ಕಾವಲು ಕಾಯುವವಳಂತೆ ನಿಂತು, ನಿಂತಲ್ಲೇ ತೂಕಡಿಸಿ, ಬೆಚ್ಚಿ ಮತ್ತೆ ನಿಲ್ಲುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಗೋಡೆಗೊರಗಿ, ನೆಲದ ಮೇಲೆ ಕಾಲು ನೀಡಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದೆ. ಅಲ್ಲಿ ಯಾರೂ ಹಾಗೆ ನೆಲದ ಮೇಲೆ ಕೂರುವುದಿಲ್ಲ. ಸಾಸಿವೆಯನ್ನು ಮಂಚದಿಂದ ಇಳಿಸಿದ್ದೆ. ಅವಳು ಬಂದು ನನ್ನ ಕಾಲುಗಳನ್ನು ನೋಡಿದಳು, ಮೊಣಕಾಲನ್ನು ಅಂಗೈಯಿಂದ ಒಮ್ಮೆ ತಟ್ಟಿ ನೋಡಿದಳು, ಆಮೇಲೆ ಎರಡು ಕಾಲುಗಳ ನಡುವಿನ ಹಳ್ಳದಲ್ಲಿ ಅಂಗಾತ ಮಲಗಿದಳು. ಕಾಲುಗಳು ತಾವಾಗಿಯೇ ಆ ಕಡೆ ಈ ಕಡೆ ಆಡತೊಡಗಿದವು. ಬಾಯಿ ತಾನಾಗಿಯೇ ಶುರುಮಾಡಿತು: "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು..."

ನನಗೆ ಜೋಗುಳ ಬರುವುದಿಲ್ಲ. ಅಕ್ಕ ಸೆಕೆಂಡ್ ಶಿಫ್ಟಿಗೆ ಹೋಗುತ್ತಿದ್ದ ಕಾಲದಲ್ಲಿ ಅವಳ ಮಗ ಮಲಗುತ್ತಿದ್ದದ್ದು ನನ್ನ ಕಾಲ ಮೇಲೆ. ಆಗ ನಾನು ಸಂಜೆ ಕ್ಲಾಸಿಗೆ ಸೇರಿ ಎಸ್ಸೆಸ್ಸೆಲ್ಸಿ ಕಟ್ಟಿದ್ದೆ. ಮಗುವನ್ನು ತೂಗುತ್ತ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಉಳಿದ ಮಗ್ಗಿಗಳೆಲ್ಲ ಬಂದವು, ಏಳರ ಮಗ್ಗಿಯಲ್ಲಿ ಮಾತ್ರ ಒಂದು ಕಡೆ ಕಾಲು ಜಾರುತ್ತಿತ್ತು. "ಏಳೆಂಟ್ಲ ಐವತ್ನಾಲ್ಕು..." ಎಂದು ಹೇಳಿ, ತಡೆದು, "ಅಲ್ಲ, ಐವತ್ತಾರು" ಎಂದು ತಿದ್ದಿಕೊಳ್ಳುತ್ತಿದ್ದೆ. ಪರೀಕ್ಷೆ ಪಾಸಾಯಿತು, ತಪ್ಪು ಹೋಗಲಿಲ್ಲ. ಇವತ್ತಿಗೂ ಅಕ್ಕ ಫೋನಿನಲ್ಲಿ ನನ್ನನ್ನು ರೇಗಿಸಬೇಕೆಂದರೆ, "ಏಳೆಂಟ್ಲ ಎಷ್ಟೇ?" ಎಂದು ಕೇಳುತ್ತಾಳೆ.

ಅವತ್ತೂ ಹಾಗೇ ಆಯಿತು. ಐವತ್ನಾಲ್ಕು ಎಂದು ತಡೆದಾಗ ಸಾಸಿವೆ ಕಣ್ಣರಳಿಸಿ ನನ್ನ ಬಾಯಿಯನ್ನೇ ನೋಡಿದಳು. "ಅಲ್ಲ," ಎಂದೆ. ಅವಳು ಎದೆತುಂಬ ಉಸಿರುಬಿಟ್ಟು ಕಣ್ಣು ಮುಚ್ಚಿದಳು.

ಮೇಡಂ ಬಾಗಿಲಲ್ಲಿ ನಿಂತಿದ್ದರು. ಆ ಮನೆಯ ಹೊಣೆ ಹೊತ್ತವರು ಅವರು. ಮಕ್ಕಳನ್ನು ಮಂಚದಲ್ಲೇ ಮಲಗಿಸಬೇಕು, ಮೈಮೇಲೆ ಅಲ್ಲ ಎಂಬುದು ಅವರದೇ ನಿಯಮ. ಮಗುವನ್ನು ಎತ್ತಿ ಮಂಚಕ್ಕೆ ಹಾಕಹೊರಟೆ. ಅವರು ಬೈಯಲಿಲ್ಲ.

"ಈ ಮಗು ಮಧ್ಯಾಹ್ನ ಮಲಗಿದ್ದು ನಾನು ಇವತ್ತೇ ನೋಡಿದ್ದು," ಎಂದರು. "ಅದು ಯಾವ ಹಾಡು?"

ಲೆಕ್ಕದ ಮಗ್ಗಿ ಎನ್ನಲು ನಾಚಿಕೆಯಾಯಿತು. "ನಮ್ಮ ಕಡೆ ಜೋಗುಳ. ತುಂಬಾ ಹಳೇದು."

"ನಿಮ್ಮಜ್ಜಿ ಹಾಡ್ತಿದ್ರಾ?"

"ಹೂಂ."

ನನ್ನಜ್ಜಿಗೆ ಬೆರಳೆಣಿಕೆ ಬಿಟ್ಟು ಬೇರೆ ಲೆಕ್ಕ ಗೊತ್ತಿರಲಿಲ್ಲ.

ಅಂದಿನಿಂದ ಅದು ರೂಢಿಯಾಯಿತು. ಊಟ ಮುಗಿಯುತ್ತಲೇ ಸಾಸಿವೆ ಬಂದು ನನ್ನ ಮೊಣಕಾಲು ತಟ್ಟುತ್ತಿದ್ದಳು. ನಾನು ಕೂರುತ್ತಿದ್ದೆ. ಚಳಿ ಹೋಗಿ ಕಿಟಕಿ ತೆರೆಯುವ ಕಾಲ ಬಂತು. ಆ ಹೊತ್ತಿಗೆ ಅವಳು ಸಿಡಿಯುವುದನ್ನು ಬಿಟ್ಟಿದ್ದಳು, ನಾನು ವಾಪಸು ಹೋಗುವ ದಿನದ ಬಗ್ಗೆ ಯೋಚಿಸುವುದನ್ನು ಬಿಟ್ಟಿದ್ದೆ.

ಆಗ ಆ ದಂಪತಿ ಬಂದರು. ಹೆಂಡತಿ ನಗರದ ಬಸ್ ಓಡಿಸುವಾಕೆ, ಎತ್ತರದ ಆಳು, ದೊಡ್ಡ ಕೈಗಳು. ಗಂಡ ಬೀಗ ರಿಪೇರಿ ಮಾಡುವವನು, ಮಾತು ಕಡಿಮೆ. ಅಕ್ಕನಿಗೆ ಹೇಳುವಾಗ ನಾನು ಆಕೆಯನ್ನು ಬಸ್ಸಮ್ಮ ಎಂದೆ, ಆ ಹೆಸರೇ ನಿಂತಿತು. ಅವರು ಸಾಸಿವೆಯನ್ನು ದತ್ತು ತೆಗೆದುಕೊಳ್ಳಲು ಬಂದಿದ್ದರು.

ಆ ಮನೆಯಲ್ಲೊಂದು ಪದ್ಧತಿ ಇತ್ತು. ಮಗು ಹೊಸ ತಾಯಿಯ ಕೈಯಲ್ಲಿ ಒಮ್ಮೆಯಾದರೂ ನಿದ್ದೆಹೋಗಬೇಕು. ಆಟ ಆಡಿದರೆ, ತಿಂದರೆ ಸಾಲದು. "ನಂಬಿಕೆ ಇಲ್ಲದ ಕಡೆ ಮಗು ಕಣ್ಣು ಮುಚ್ಚಲ್ಲ," ಎನ್ನುತ್ತಿದ್ದರು ಮೇಡಂ. ಮೂರು ಅವಕಾಶ. ಆಗದಿದ್ದರೆ ಆ ದಂಪತಿಗೆ ಬೇರೆ ಮಗು. ಸಾಸಿವೆಗೆ ಇನ್ನೇನು ಮೂರು ತುಂಬುವುದರಲ್ಲಿತ್ತು. ಆಮೇಲೆ ದೂರದ ಊರಿನ ದೊಡ್ಡ ಮಕ್ಕಳ ಮನೆ. ಅಲ್ಲಿಗೆ ಮಗು ಕೇಳಿಕೊಂಡು ಬರುವವರು ತೀರ ಕಡಿಮೆ.

ಬಸ್ಸಮ್ಮನಿಗೆ ಕಾಲ ಮೇಲೆ ತೂಗುವುದನ್ನು ಕಲಿಸುವ ಕೆಲಸ ನನಗೆ ಬಂತು. ಆಕೆ ಹುಟ್ಟಿದಾಗಿನಿಂದ ನೆಲದ ಮೇಲೆ ಕೂತವಳಲ್ಲ. ಗೋಡೆ ಹಿಡಿದು, ಗಂಡನನ್ನು ಹಿಡಿದು, "ಅಯ್ಯಯ್ಯೋ" ಎನ್ನುತ್ತ ಕೂತಳು. ಮಗುವಿನ ಬದಲು ದಿಂಬಿಟ್ಟು ತೂಗಿಸಿದೆ. ಬಲಗಾಲು ಮುಂದಕ್ಕೆ ಒತ್ತಿಕೊಂಡು ಹೋಗುತ್ತಿತ್ತು, ದಿಂಬು ಜಾರುತ್ತಿತ್ತು.

"ಅದು ಬ್ರೇಕ್ ಕಾಲು ಕಣ್ರೀ, ನನ್ನ ಮಾತು ಕೇಳಲ್ಲ," ಎಂದಳು.

ಅಡುಗೆಯಾಕೆ ಬಾಗಿಲಿಂದ ಇಣುಕಿ, "ಮಗೂನ ಮಲಗಿಸ್ತಿದ್ದೀರೋ, ಡಿಪೋಗೆ ಕರ್ಕೊಂಡು ಹೋಗ್ತಿದ್ದೀರೋ?" ಎಂದಳು. ಬೀಗದವನು ಮೊದಲ ಸಲ ನಕ್ಕ.

ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದಳು ಬಸ್ಸಮ್ಮ. ನನಗೆ ದಿಗಿಲಾಯಿತು. ಒಬ್ಬ ತಾಯಿ ಕಲಿಯುವ ಹಾಡಿನಲ್ಲಿ ನನ್ನ ತಪ್ಪು ಸೇರಿಬಿಟ್ಟರೆ! ಮಗ್ಗಿಯನ್ನು ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡು, ನೋಡಿ ನೋಡಿ ಹೇಳಿದೆ. ಎಲ್ಲೂ ತಡವರಿಸಲಿಲ್ಲ. ಏಳೆಂಟ್ಲ ಐವತ್ತಾರು.

ಮೊದಲ ಸಲ ನಾನು ಕೋಣೆಯಲ್ಲೇ ಇದ್ದೆ. ಸಾಸಿವೆ ಬಸ್ಸಮ್ಮನ ಕಾಲಿನಿಂದ ಇಳಿದು ನೇರ ನನ್ನ ಹತ್ತಿರ ಬಂದು ಮೊಣಕಾಲು ತಟ್ಟಿದಳು. ನಾನು ಕೂರಲಿಲ್ಲ. ಮತ್ತೆ ತಟ್ಟಿದಳು. ಮೇಡಂ ನನ್ನ ಕಡೆ ನೋಡಿ ಬಾಗಿಲು ತೋರಿಸಿದರು. ಹೊರಗೆ ಹೋದೆ. ಆಮೇಲೂ ಅವಳು ಮಲಗಲಿಲ್ಲ.

ಎರಡನೆಯ ಸಲ ನಾನು ಬಾಗಿಲಾಚೆ ಕಾರಿಡಾರಿನಲ್ಲಿ ನಿಂತಿದ್ದೆ. ಬಸ್ಸಮ್ಮ ಎಷ್ಟು ಚೆನ್ನಾಗಿ ಕಲಿತಿದ್ದಳು! "ಏಲೊಂದ್ಲ ಏಲು," ಎಂದು ನಾಲಿಗೆ ಹೊರಳದೆ ಹೇಳುತ್ತಿದ್ದಳು, ಆದರೆ ದನಿ ಮೆತ್ತಗಿತ್ತು. ಸಾಸಿವೆಯ ಸದ್ದಿಲ್ಲ. ಇನ್ನೇನು ಮಲಗುತ್ತಾಳೆ. "ಏಲೆಂಟ್ಲ ಐವತ್ತಾರು," ಎಂದು ಬಸ್ಸಮ್ಮ ಮುಂದೆ ಹೋದಳು. ಅಲ್ಲಿಗೇ, ಸರಿಯಾಗಿ ಅಲ್ಲಿಗೇ, ಸಾಸಿವೆ ಕಿಟಾರನೆ ಕಿರುಚಿದಳು. ಆಮೇಲೆ ನಿಲ್ಲಲಿಲ್ಲ.

ಬಸ್ಸಮ್ಮ ಹೊರಗೆ ಬಂದಾಗ ಅವಳ ಅಂಗಿಯ ಮುಂಭಾಗವೆಲ್ಲ ಒದ್ದೆಯಾಗಿತ್ತು. ಮೇಡಂ ನನ್ನನ್ನು ಕೇಳಿದರು, "ನೀವು ಮಾಡೋದು, ಅವರು ಮಾಡದೇ ಇರೋದು ಏನಾದ್ರೂ ಇದೆಯಾ? ಯೋಚನೆ ಮಾಡಿ ಹೇಳಿ."

"ಇಲ್ಲ," ಎಂದೆ.

ಹೇಳಿದ ಸುಳ್ಳಿಗೆ ನನಗೇ ಭಯವಾಯಿತು. ಕೋಣೆಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ಏನೇನೋ ಸುತ್ತಿ ಬಳಸಿ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದಳು, ಈಳಿಗೆಯ ಸದ್ದು ಕೇಳುತ್ತಿತ್ತು.

"ಮಗು ಅವರ ಹತ್ರ ಹೋಗದಿದ್ರೆ ನಿನ್ನ ಹತ್ರ ಇರುತ್ತಾ?" ಎಂದಳು.

"ಇಲ್ಲ. ಬೇರೆ ಊರಿಗೆ ಕಳಿಸ್ತಾರೆ. ಆದ್ರೆ ಸ್ವಲ್ಪ ದಿನ..."

"ಸ್ವಲ್ಪ ದಿನ ಇಟ್ಕೊಂಡು ಏನೇ ಮಾಡ್ತೀಯ? ಉಪ್ಪಿನಕಾಯಿ ಹಾಕ್ತೀಯಾ?"

ಈಳಿಗೆಯ ಸದ್ದು ನಿಂತಿತು.

"ಶಿಫ್ಟ್ ಮುಗಿಸಿ ಬಂದು ನನ್ನ ಮಗನ್ನ ನಿನ್ನ ಕಾಲಿಂದ ಎತ್ಕೊಳ್ತಿದ್ನಲ್ಲ," ಎಂದಳು ಅಕ್ಕ. "ದಿನಾ. ನೀನು ಒಂದು ದಿನಾನೂ ಏನೂ ಅನ್ಲಿಲ್ಲ."

"ಅಂದಿದ್ರೆ ಅವನನ್ನ ನನ್ನ ಹತ್ರಾನೇ ಬಿಡ್ತಿದ್ಯಾ?"

ಈಳಿಗೆ ಮತ್ತೆ ಸದ್ದು ಮಾಡಿತು, ಮತ್ತೆ ನಿಂತಿತು. "ಇಲ್ಲ ಕಣೇ," ಎಂದಳು ಕೊನೆಗೆ. "ನನ್ನ ಮಗ ಅಲ್ವಾ."

ಮರುದಿನ ಬಸ್ಸಮ್ಮನ ಬಸ್ಸು ಹುಡುಕಿ ಹತ್ತಿದೆ. ಕೊನೇ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ನಾನು ಇಳಿಯಲಿಲ್ಲ. ಆಕೆ ಎಂಜಿನ್ ಆರಿಸಿ ಹಿಂದಕ್ಕೆ ಬಂದಳು. ಸಮವಸ್ತ್ರದಲ್ಲಿ ಇನ್ನೂ ಎತ್ತರ ಕಂಡಳು, ಮುಖ ಮಾತ್ರ ಬತ್ತಿತ್ತು.

"ಅವಳಿಗೆ ನಾನು ಬೇಡ ಅನ್ಸುತ್ತೆ," ಎಂದಳು. "ನೀವು ಬೇಜಾರು ಮಾಡ್ಕೋಬೇಡಿ, ನೀವು ಚೆನ್ನಾಗೇ ಕಲಿಸಿದ್ರಿ."

ನನಗೆ ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಅದು ಜೋಗುಳವಲ್ಲ, ಶಾಲೆಯ ಲೆಕ್ಕ ಎಂದೆ. ನನಗೆ ಅದರಲ್ಲಿ ಒಂದು ಕಡೆ ಸದಾ ತಪ್ಪುತ್ತದೆ ಎಂದೆ. ರೆಕಾರ್ಡ್ ಮಾಡುವಾಗ ನೋಡಿಕೊಂಡು ಸರಿಯಾಗಿ ಹೇಳಿದೆ, ಮಗುವಿಗೆ ಗೊತ್ತಿರುವುದು ತಪ್ಪಾದದ್ದು. ಅವಳು ಆ ತಪ್ಪಿಗೆ ಕಾಯುತ್ತಾಳೆ.

ಬಸ್ಸಮ್ಮ ಪಕ್ಕದ ಸೀಟಿನಲ್ಲಿ ಕೂತಳು. ಕೋಪ ಬರುತ್ತದೆ ಎಂದುಕೊಂಡಿದ್ದೆ. "ಲೆಕ್ಕಾನಾ?" ಎಂದಳು. "ನಾನು ಸ್ಕೂಲಲ್ಲಿ ಲೆಕ್ಕಕ್ಕೇ ಫೇಲಾಗಿದ್ದು!" ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಕಲಿಸಿ. ಆ ತಪ್ಪು ಕಲಿಸಿ ನನಗೆ."

ಹಿಂದಿನ ಉದ್ದ ಸೀಟಿನಲ್ಲಿ ಇಬ್ಬರೂ ಒಂದೊಂದು ತುದಿಗೆ ಒರಗಿ ಕಾಲು ನೀಡಿದೆವು. ಅವಳ ಮಡಚಿದ ಕೋಟು ಅವಳ ಕಾಲ ಮೇಲೆ. ಐವತ್ನಾಲ್ಕು ಎಂದು ತಡೆಯಬೇಕು ಎಂದೆ. ಇಷ್ಟಲ್ಲ, ಇನ್ನೂ ಸ್ವಲ್ಪ. ಅವಳು ನಿಮ್ಮ ಬಾಯಿ ನೋಡುತ್ತಾಳೆ. ನೋಡಲಿ. ಆಮೇಲೆ "ಅಲ್ಲ" ಎನ್ನಬೇಕು.

"ಅಲ್ಲ," ಎಂದಳು ಬಸ್ಸಮ್ಮ. ಮತ್ತೆ ಮತ್ತೆ ಹೇಳಿದಳು. ನನಗಿಂತ ಚೆನ್ನಾಗಿ ಬಂತು.

"ಕಾಲು ಜೋಮು ಹಿಡಿಯುತ್ತಲ್ಲ, ಏನು ಮಾಡ್ಬೇಕು?" ಎಂದು ಕೇಳಿದಳು.

"ಮಗು ಇರೋ ತನಕ ಗೊತ್ತಾಗಲ್ಲ. ಎತ್ತಿದ ಮೇಲೆ ಚುಚ್ಚುತ್ತೆ," ಎಂದೆ.

ಮೂರನೆಯ ಸಲ ನಾನು ಕಾರಿಡಾರಿನಲ್ಲಿ ನಿಲ್ಲಲಾರದೆ ನೆಲದ ಮೇಲೆ ಕೂತಿದ್ದೆ. ಬಾಗಿಲಾಚೆ ಸಾಸಿವೆ ಅಳುತ್ತಿದ್ದಳು. ಯಾರನ್ನು ಕರೆಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಮಗ್ಗಿ ನಡೆಯುತ್ತಿತ್ತು. ಅಳು ತಗ್ಗಿತು, ಬಿಕ್ಕಾಯಿತು. "ಏಲೆಂಟ್ಲ ಐವತ್ನಾಲ್ಕು..." ಎಂದು ಬಸ್ಸಮ್ಮ ತಡೆದಳು. ಬಿಕ್ಕು ನಿಂತಿತು. ಆ ಮೌನದಲ್ಲಿ ಅಳಲಿ ಎಂದುಕೊಂಡೆನೋ, ಅಳದಿರಲಿ ಎಂದುಕೊಂಡೆನೋ, ಈಗಲೂ ನನಗೆ ಖಾತ್ರಿಯಿಲ್ಲ.

"ಅಲ್ಲ."

ಆ ದೊಡ್ಡ ಉಸಿರು ಬಾಗಿಲ ಈಚೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೇಡಂ ಹೊರಬಂದು, ಬಾಗಿಲನ್ನು ಸದ್ದಾಗದಂತೆ ಹಿಡಿದು ಮುಚ್ಚಿದರು. ನನ್ನ ಕಾಲುಗಳ ಕಡೆ ನೋಡಿದರು. ಅವು ಖಾಲಿಯೇ ಆ ಕಡೆ ಈ ಕಡೆ ಆಡುತ್ತಿದ್ದವು. ಕೈಯಿಂದ ಹಿಡಿದು ನಿಲ್ಲಿಸಿದೆ.

ಕರೆದುಕೊಂಡು ಹೋಗುವ ದಿನ ನಾನು ಕಣ್ಣಿಗೆ ಬೀಳದಿದ್ದರೆ ಒಳ್ಳೆಯದು ಎಂದರು ಮೇಡಂ. ಒಪ್ಪಿದೆ. ಬಟ್ಟೆ ಒಗೆಯುವ ಕೋಣೆಯ ಕಿಟಕಿಯಿಂದ ನೋಡಿದೆ. ಬಸ್ಸಮ್ಮನ ಹೆಗಲ ಮೇಲೆ ಸಾಸಿವೆಯ ಗಲ್ಲ. ಬೀಗದವನು ಚೀಲ ಹಿಡಿದು ಹಿಂದೆ. ಗೇಟಿನ ಹತ್ತಿರ ಸಾಸಿವೆ ಕಟ್ಟಡದ ಕಡೆ ಒಮ್ಮೆ ನೋಡಿದಳು. ಯಾವುದೋ ಕಟ್ಟಡವನ್ನು ಮೊದಲ ಸಲ ನೋಡುವ ಹಾಗೆ. ಆಮೇಲೆ ಬಸ್ಸಮ್ಮನ ಕಿವಿಯನ್ನು ಹಿಡಿದು ಎಳೆದಳು.

ಅಡುಗೆಯಾಕೆ ಬಂದು ನನ್ನ ಪಕ್ಕ ನಿಂತಳು. "ಊಟ ಆಯ್ತಾ?" ಎಂದಳು, ನಾನು ಕೇಳುತ್ತಿದ್ದ ಹಾಗೆಯೇ. ಇಲ್ಲ ಎಂದೆ. ಈ ಸಲ ತಟ್ಟೆ ತರಲಿಲ್ಲ, ಬುಟ್ಟಿಯಿಂದ ಒಂದು ಸಣ್ಣ ಅಂಗಿ ತೆಗೆದು ಮಡಚತೊಡಗಿದಳು.

ಸಂಜೆ ಅಕ್ಕನ ಫೋನು ಬಂತು. ನಾನು ನನ್ನ ಕೋಣೆಯ ನೆಲದ ಮೇಲೆ ಕಾಲು ನೀಡಿ ಕೂತಿದ್ದೆ.

"ಹೋದ್ಳಾ?"

"ಹೋದ್ಳು."

"ನೀನು ಹೇಗಿದ್ದೀಯ?"

"ಕಾಲು ಚುಚ್ತಿದೆ," ಎಂದೆ.

ಅವಳಿಗೆ ಸಮಾಧಾನ ಹೇಳಲು ಬರುವುದಿಲ್ಲ, ಯಾವತ್ತೂ ಬಂದಿಲ್ಲ. ನನ್ನನ್ನು ನಗಿಸಲು ಅವಳಿಗೆ ಗೊತ್ತಿದ್ದದ್ದು ಒಂದೇ.

"ಲೇ, ಏಳೆಂಟ್ಲ ಎಷ್ಟೇ?"

"ಐವತ್ತಾರು," ಎಂದೆ.

ಎಲ್ಲೂ ತಡೆಯಲಿಲ್ಲ. ಅಕ್ಕ ನಗಲಿಲ್ಲ.