ಮನ್ನಳ್ಳಿ ದಾರಿಯ ಆಲಿಕಲ್ಲು

ಮುರ್ತುಜಾ ಮತ್ತು ಮನ್ಮಥಪ್ಪನ ನಡುವೆ ಮಾತು ನಿಂತು ವರ್ಷವಾಗುತ್ತ ಬಂದಿತ್ತು. ಆದರೆ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಸೈಕಲ್ಲು. ಇಬ್ಬರದೂ ಊರು ಮನ್ನಳ್ಳಿ, ಇಬ್ಬರ ನೌಕರಿಯೂ ಬೀದರಿನಲ್ಲಿ. ಮುರ್ತುಜಾ ತಹಸೀಲ ಕಚೇರಿಯಲ್ಲಿ ಗುಮಾಸ್ತ, ಮನ್ಮಥಪ್ಪ ಅದಾಲತ್ತಿನಲ್ಲಿ. ಗೆಳೆತನ ಚೆನ್ನಾಗಿದ್ದ ಕಾಲದಲ್ಲಿ ಪಾಲು ಹಾಕಿ ಕೊಂಡ ಸೈಕಲ್ಲು ಅದು. ಮುಂಜಾನೆ ಮುರ್ತುಜಾ ತುಳಿಯುವುದು, ಮನ್ಮಥಪ್ಪ ಹಿಂದೆ ಕ್ಯಾರಿಯರ್ ಮೇಲೆ ಕೂಡುವುದು, ಸಂಜೆ ಅದಲುಬದಲು. ಮಾತು ನಿಂತರೂ ಈ ಕರಾರು ನಿಲ್ಲಲಿಲ್ಲ. ನಿಜಾಮ ಸರಕಾರದ ಕಚೇರಿ ಯಾರ ಸಿಟ್ಟಿಗೂ ಕಾಯುವುದಿಲ್ಲವಲ್ಲ. ಏರು ಬಂದರೆ ತುಳಿಯುವವನು ಗಂಟೆ ಬಾರಿಸುತ್ತಿದ್ದ, ಹಿಂದಿನವನು ಇಳಿದು ನಡೆಯುತ್ತಿದ್ದ. ಏರು ಮುಗಿದರೆ ಮತ್ತೆ ಗಂಟೆ, ಮತ್ತೆ ಸವಾರಿ. ಅಷ್ಟೇ.

ಕಾರಣ ಸಣ್ಣದೇನೂ ಅಲ್ಲ. ಹಿಂದಿನ ವರ್ಷ ಒಂದು ಶುಕ್ರವಾರ, ರಜೆಯ ದಿನ, ಮನ್ಮಥಪ್ಪ ತಂಗಿಗೆ ವರ ನೋಡಲು ಸೈಕಲ್ ತೆಗೆದುಕೊಂಡು ಭಾಲ್ಕಿಗೆ ಹೋಗಿದ್ದ. ಎಷ್ಟು ಹೊತ್ತಾದರೂ ಆ ರಾತ್ರಿಯೇ ಬರುತ್ತೇನೆಂದು ಹೇಳಿದ್ದ. ಬರಲಿಲ್ಲ. ಆ ರಾತ್ರಿಯೇ ಮುರ್ತುಜಾನ ತಾಯಿ ಚಾಂದಬೀಗೆ ಎದೆನೋವು ಕಾಣಿಸಿತು. ಮುರ್ತುಜಾ ಸೈಕಲ್ಲಿನ ದಾರಿ ನೋಡಿದ, ಊರಲ್ಲಿ ಎತ್ತಿನ ಗಾಡಿ ಹುಡುಕಿದ, ಕೊನೆಗೆ ಬೀದರಿನ ತನಕ ನಡೆದೇ ಹೋದ. ಡಾಕ್ಟರನನ್ನು ಟಾಂಗಾದಲ್ಲಿ ಕರೆತರುವ ಹೊತ್ತಿಗೆ ಅಂಗಳದಲ್ಲಿ ಹೆಂಗಸರು ಕೂತು ಅಳುತ್ತಿದ್ದರು. ಔರಾದಿನಿಂದ ಅಕ್ಕ ಆಬೇದಾ ಬಂದ ಮೇಲೆ ಮಣ್ಣು ಮಾಡಿದರು. ಅಷ್ಟರಲ್ಲಿ ಮನ್ಮಥಪ್ಪನೂ ಬಂದಿದ್ದ. ದಾರಿಯಲ್ಲಿ ಸೈಕಲ್ ಪಂಕ್ಚರ್ ಆಯಿತೆಂದು ಹತ್ತು ಜನರ ಮುಂದೆ ಹೇಳಿದ. ಮುರ್ತುಜಾ ತಲೆಯಾಡಿಸಿದ. ಆ ದಿನದಿಂದ ಅವನೊಂದಿಗೆ ಮಾತಾಡಲಿಲ್ಲ.

ಮೊದಮೊದಲು ಆ ಮೌನಕ್ಕೆ ಕಾವಿತ್ತು. ಈಗ ಅದೂ ಆರಿತ್ತು. ದಿನಾಲು ಅದೇ ಕೆಂಪು ಮುರುಮಿನ ರಸ್ತೆ, ಅದೇ ಏರು, ಅದೇ ಬೆನ್ನು. ತೊಡೆಗಳು ಜಡವಾಗಿ, ಕಚೇರಿಯಲ್ಲಿ ಕೂತಲ್ಲೇ ಮುರ್ತುಜಾನ ಕಣ್ಣು ಮುಚ್ಚುತ್ತಿತ್ತು. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಕಸುವು ಬೇಕು.

ಬೇಸಿಗೆ ಇನ್ನೇನು ಶುರುವಾಗಬೇಕು, ಆ ಸಂಜೆ ಕಚೇರಿ ಬಿಟ್ಟು ಬರುವಾಗ ಪಡುವಣದಲ್ಲಿ ಮೋಡ ಕಪ್ಪಾಯಿತು. ಗಾಳಿ ಒಮ್ಮೆಲೇ ತಣ್ಣಗಾಯಿತು. ಅರ್ಧ ದಾರಿಗೆ ಬಂದಿದ್ದರು. ಸುತ್ತ ಬಿಳಿಜೋಳದ ಹೊಲ, ಆಸರೆಗೆ ಒಂದು ಗಿಡವೂ ಇಲ್ಲ. ಮೊದಲ ಕಲ್ಲು ಸೈಕಲ್ಲಿನ ಹ್ಯಾಂಡಲ್ಲಿಗೆ ಟಣ್ಣೆಂದು ಬಡಿಯಿತು. ಮುಂದಿನದು ಮುರ್ತುಜಾನ ಹೆಗಲಿಗೆ. ಆಮೇಲೆ ಆಕಾಶವೇ ಹರಿದು ಬಿದ್ದಂತೆ ನಿಂಬೆಕಾಯಿ ಗಾತ್ರದ ಆಲಿಕಲ್ಲು ಸುರಿಯತೊಡಗಿತು.

ಇಬ್ಬರೂ ಸೈಕಲ್ ಕೆಡವಿ ರಸ್ತೆಯ ಪಕ್ಕದ ತಗ್ಗಿಗೆ ಹಾರಿದರು. ಮನ್ಮಥಪ್ಪ ತಲೆಯ ರುಮಾಲು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಮೇಲೆ ಹಿಡಿದ. ಇಬ್ಬರಿಗೆ ಸಾಲುವಷ್ಟಿತ್ತು. ಮುರ್ತುಜಾ ನೋಡಿಯೂ ನೋಡದವನಂತೆ ಆಚೆ ಸರಿದು ಕೂತ. ತಲೆಯ ಮೇಲಿನ ಕುಚ್ಚಿನ ರೂಮಿ ಟೋಪಿ ಏನು ತಡೆದೀತು? ಒಂದು ಕಲ್ಲು ಕಿವಿ ಹರಿಯಿತು, ಬಿಸಿ ರಕ್ತ ಕುತ್ತಿಗೆಗಿಳಿಯಿತು. ಆಗ ರುಮಾಲಿನ ಕೆಳಗೆ ಬಂದ. ಇಬ್ಬರ ಮೊಣಕಾಲು ತಾಗಿದವು. ಮನ್ಮಥಪ್ಪನ ಬೆರಳ ಗೆಣ್ಣುಗಳ ಮೇಲೆ ಕಲ್ಲು ಬೀಳುತ್ತಿದ್ದವು. ಅವನು ಕೈ ಇಳಿಸಲಿಲ್ಲ.

ಕಲ್ಲು ನಿಂತಾಗ ಕೆಂಪು ರಸ್ತೆ ಎಲ್ಲಿದೆಯೆಂದೇ ತಿಳಿಯಲಿಲ್ಲ. ಎತ್ತ ನೋಡಿದರೂ ಉಪ್ಪು ಸುರಿದಂತೆ ಬಿಳುಪು. ಹೊಲದಲ್ಲಿ ಜೋಳದ ತೆನೆಗಳು ನೆಲಕ್ಕೆ ಮಲಗಿದ್ದವು. ಚಪ್ಪಲಿಯೊಳಗಿಂದ ಚಳಿ ಎಲುಬಿಗೆ ಏರುತ್ತಿತ್ತು. ಸಂಜೆ ತುಳಿಯುವುದು ಮನ್ಮಥಪ್ಪನ ಪಾಳಿ. ಅವನು ಹತ್ತಿದ, ಮುರ್ತುಜಾ ಹಿಂದೆ ಕೂತ. ಇಳುಕಲಿಗೆ ಬಂದದ್ದೇ ತಡ, ಗಾಲಿ ಎಣ್ಣೆಯ ಮೇಲೆ ಹೋದಂತೆ ಜಾರಿತು. ಮುರ್ತುಜಾ ಒಂದು ಕಡೆ ಬಿದ್ದ. ಮನ್ಮಥಪ್ಪನ ಕಾಲು ಸೈಕಲ್ಲಿನ ಕೆಳಗೆ ತಿರುಚಿಕೊಂಡಿತು. ಏಳಲು ಹೋದವನು ಚೀರಿ ಕೂತುಬಿಟ್ಟ.

ಮುರ್ತುಜಾ ಮೈ ಕೊಡವಿಕೊಂಡು ನಿಂತ. ಬಿಟ್ಟು ಹೋಗಬಹುದಿತ್ತು. ಯಾವುದಾದರೂ ಗಾಡಿ ಬಂದೀತು ಎಂದು ತನಗೆ ತಾನೇ ಹೇಳಿಕೊಂಡು ನೋಡಿದ. ಈ ದಾರಿಗೆ ಇವತ್ತು ಗಾಡಿ ಬರುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಕೆಳಗೆ ಕೂತವನಿಗೂ ಗೊತ್ತಿತ್ತು.

“ಏಳು,” ಅಂದ. ವರ್ಷದ ಮೇಲೆ ಬಂದ ಮೊದಲ ಮಾತು ಅದು.

ಬಗಲಿಗೆ ಕೈ ಕೊಟ್ಟು ಎತ್ತಿ ಕ್ಯಾರಿಯರ್ ಮೇಲೆ ಕೂಡಿಸಿದ. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ತಳ್ಳತೊಡಗಿದ. ಆಲಿಕಲ್ಲು ಕಾಲಡಿ ಕರಕರ ಎನ್ನುತ್ತಿದ್ದವು. ಹತ್ತು ಹೆಜ್ಜೆಗೊಮ್ಮೆ ಪಾದ ಜಾರುತ್ತಿತ್ತು, ನಿಲ್ಲುತ್ತಿದ್ದ, ಉಸಿರು ಎಳೆದುಕೊಂಡು ಮತ್ತೆ ತಳ್ಳುತ್ತಿದ್ದ.

ಬಹಳ ಹೊತ್ತಿನ ಮೇಲೆ ಹಿಂದಿನಿಂದ ಮನ್ಮಥಪ್ಪನ ದನಿ ಬಂತು. “ಮುರ್ತುಜಾ, ಅವತ್ತ ಪಂಕ್ಚರ್ ಆಗಿದ್ದಿಲ್ಲ.”

ಮುರ್ತುಜಾ ತಳ್ಳುತ್ತಲೇ ಇದ್ದ.

“ಬೀಗರ ಮನ್ಯಾಗ ಹೋಳಿಗಿ ಊಟ ಆಗಿತ್ತು. ಸ್ವಲ್ಪ ಅಡ್ಡಾಗ್ತೇನಿ ಅಂತ ಮಲಗಿದೆ. ಎಚ್ಚರ ಆದಾಗ ಕತ್ತಲಾಗಿತ್ತು. ಮುಂಜಾನಿ ಹೋದರಾಯ್ತು ಬಿಡು ಅಂತ ಮತ್ತ ಮಲಗಿದೆ. ಇಷ್ಟೇ ಆಗಿದ್ದು.”

“ಗೊತ್ತದ.”

“ಹ್ಯಾಂಗ ಗೊತ್ತು?”

“ಟ್ಯೂಬ್ ಬಿಚ್ಚಿ ನೋಡೀನಿ. ಒಂದೂ ತೇಪಿ ಇದ್ದಿಲ್ಲ.”

ಸೈಕಲ್ಲು ಒಂದು ಕಡೆ ವಾಲಿತು, ಮುರ್ತುಜಾ ಹೊಟ್ಟೆ ಆನಿಸಿ ನೆಟ್ಟಗೆ ಮಾಡಿದ.

“ಹಂಗಾದ್ರ ಯಾಕ ಕೇಳಲಿಲ್ಲ? ನಾಲ್ಕು ಬೈದಿದ್ರ ಆಗ್ತಿತ್ತು. ಹೊಡೆದಿದ್ರೂ ಆಗ್ತಿತ್ತು.”

“ಕೇಳಿದ್ರ ನೀ ಮಾಫಿ ಅಂತಿದ್ದಿ. ಎಲ್ಲಾರೂ ಕೂಡಿ ಮಾಫಿ ಮಾಡು ಅಂತಿದ್ರು. ನನಗ ಅದು ಆಗ್ತಿದ್ದಿಲ್ಲ.”

“ಈಗ?”

“ಈಗ ದಣದೀನಿ. ಸುಮ್ಮ ಕೂಡು, ಅಲ್ಲಾಡಬ್ಯಾಡ.”

ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮನ್ಮಥಪ್ಪನ ಹೆಂಡತಿ ಗುಂಡಮ್ಮ ಬಾಗಿಲಲ್ಲೇ ನಿಂತಿದ್ದಳು. ಮುರ್ತುಜಾನ ಕಿವಿಯ ರಕ್ತ ನೋಡಿ, ಗಂಡನ ಕಾಲು ನೋಡಿ, ಯಾರನ್ನು ಮೊದಲು ಹಿಡಿಯಬೇಕೋ ತಿಳಿಯದೆ ಎರಡೂ ಕೈ ಚಾಚಿದಳು.

“ಒಳಗ ಬಾ ಅಣ್ಣಾ, ಬಿಸಿ ಹಾಲು ಕುಡದು ಹೋಗು.”

“ಬ್ಯಾಡ ವೈನಿ. ಅವನ ಕಾಲು ನೋಡ್ರಿ ಮೊದ್ಲ.”

ಮನೆಗೆ ಹೋಗಿ ಒದ್ದೆ ಶೇರವಾನಿಯಲ್ಲೇ ಹಾಸಿಗೆಗೆ ಬಿದ್ದ.

ಒಂದು ತಿಂಗಳು ಮುರ್ತುಜಾ ಒಬ್ಬನೇ ಬೀದರಿಗೆ ಹೋಗಿಬಂದ. ಸೈಕಲ್ಲು ಹಗುರಾಗಿತ್ತು, ದಾರಿ ಮಾತ್ರ ಹಗುರಾಗಲಿಲ್ಲ. ಮೊದಲು ಹಿಂದೆ ಕೂತವನನ್ನು ಮನಸ್ಸಿನಲ್ಲೇ ಬೈಯುತ್ತ ಹೋದರೆ ದಾರಿ ಸಾಗುತ್ತಿತ್ತು. ಈಗ ಬೈಯಲು ಯಾರೂ ಇಲ್ಲದೆ, ತಾಯಿಯ ನೆನಪೊಂದೇ ಉಳಿಯಿತು. ಆಲಿಕಲ್ಲು ಹೊಡೆದ ಹೊಲಗಳಲ್ಲಿ ಜನ ಅಳಿದುಳಿದ ತೆನೆ ಆರಿಸುತ್ತಿದ್ದರು.

ಒಂದು ಮುಂಜಾನೆ ಮನ್ಮಥಪ್ಪ ಊರ ಹೊರಗಿನ ರಸ್ತೆಗೆ ಕೋಲೂರಿ ಬಂದು ನಿಂತಿದ್ದ. “ಕಾಲು ಇನ್ನ ತುಳಿಯೂ ಹಂಗಿಲ್ಲ. ನೌಕರಿ ಬಿಡೂ ಹಂಗೂ ಇಲ್ಲ. ಸೈಕಲ್ಲಿನಾಗಿನ ನನ್ನ ಪಾಲು ನೀನೇ ಇಟ್ಕೊ. ನಾ ಬೀದರದಾಗೇ ಎಲ್ಲ್ಯಾರ ಬಾಡಿಗಿ ಖೋಲಿ ನೋಡ್ತೇನಿ.”

ಮುರ್ತುಜಾ ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ನಿಂತ. “ಹತ್ತು. ಹೊತ್ತಾಗ್ತದ.”

“ಎರಡೂ ಹೊತ್ತು ನೀನೇ ತುಳೀತಿ?”

“ಹತ್ತು ಅಂದೆ.”

ಮನ್ಮಥಪ್ಪ ಕೋಲನ್ನು ಅಡ್ಡ ಹಿಡಿದು ಕೂತ. ಮೊದಲ ಏರಿನಲ್ಲಿ ಮುರ್ತುಜಾ ಗಂಟೆ ಬಾರಿಸದೆ ನಿಂತೇ ತುಳಿದ. ಆಮೇಲೆ ಮನ್ಮಥಪ್ಪ ಮೆಲ್ಲಗೆ ಕೇಳಿದ:

“ಅವ್ವ ಕೊನಿಗೆ ಏನಾರ ಅಂದ್ಳಾ?”

ಚಾಂದಬೀಯನ್ನು ಅವನೂ ಚಿಕ್ಕಂದಿನಿಂದ ಅವ್ವ ಎಂದೇ ಕರೆಯುತ್ತಿದ್ದ. ಅವಳ ಅಂಗಳದ ಸೀತಾಫಲ ತಿಂದೇ ಬೆಳೆದವನು. ಆದರೆ ಈ ಒಂದು ವರ್ಷದಲ್ಲಿ ಯಾರೂ ಮುರ್ತುಜಾನನ್ನು ಇದನ್ನು ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು ಡಾಕ್ಟರ್ ಯಾಕೆ ತಡವಾದ ಎಂದೇ.

ಮುರ್ತುಜಾ ಹೇಳತೊಡಗಿದ. ಅವಳು ನೀರು ಕೇಳಿದ್ದು, ಕುಡಿಯಲಾರದೆ ಹೋದದ್ದು, ಬೀದರಿಗೆ ಹೊರಟವನ ತೋಳು ಹಿಡಿದು ಚಳಿ ಇದೆ, ಕಿವಿ ಕಟ್ಟಿಕೋ ಎಂದದ್ದು. ತುಳಿಯುತ್ತ ಹೇಳುವಾಗ ಉಸಿರು ಸಾಲದೆ ಮಾತು ತುಂಡಾಗುತ್ತಿತ್ತು. ಬೀದರಿನ ಕೋಟೆಗೋಡೆ ಕಂಡರೂ ಹೇಳುವುದು ಮುಗಿದಿರಲಿಲ್ಲ. ಮುರ್ತುಜಾ ಸೈಕಲ್ಲಿನಿಂದ ಇಳಿದ. ಮನ್ಮಥಪ್ಪನನ್ನು ಕೂತಲ್ಲೇ ಕೂಡಿಸಿಕೊಂಡು, ಮೆಲ್ಲಗೆ ತಳ್ಳುತ್ತ, ಉಳಿದದ್ದನ್ನು ಹೇಳಿದ.