ಅಚ್ಚೋ ಅಲುಗಾಟವೋ

ನಮ್ಮೂರ ನಾಣ್ಯ ಸಂಘದಲ್ಲಿ ನನ್ನ ಗಂಡ ಎಲ್ಡನ್ ಕೂರುತ್ತಿದ್ದ ಮೇಜಿಗೆ ‘ಇಲ್ಲ ಮೇಜು’ ಎಂದು ಹೆಸರಿಟ್ಟವಳು ನಾನೇ. ಯಾರೇ ಬರಲಿ, ಯಾವ ಒಂದು ಸೆಂಟಿನ ನಾಣ್ಯವನ್ನೇ ತರಲಿ, ಭೂತಗನ್ನಡಿಯನ್ನು ಕಣ್ಣಿಗೊತ್ತಿಕೊಂಡು ನೋಡಿ, “ಅಲುಗಾಟ” ಎಂದು ವಾಪಸು ಕೊಡುತ್ತಿದ್ದ. ಯಾರೂ ಎದುರಾಡುತ್ತಿರಲಿಲ್ಲ. ನೆಬ್ರಾಸ್ಕಾದ ಈ ಮೂಲೆಯಲ್ಲಿ ನಾಣ್ಯದ ವಿಷಯದಲ್ಲಿ ಅವನ ಮಾತೇ ಕೊನೆ.

ವಿಷಯ ಇಷ್ಟೇ. ಟಂಕಸಾಲೆಯಲ್ಲಿ ಅಚ್ಚು ತಯಾರಿಸುವಾಗಲೇ ಬರಹ ಎರಡು ಸಲ, ಒಂದಿಷ್ಟು ಸರಿದು ಮೂಡಿಬಿಟ್ಟರೆ, ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ಜೋಡಿ ಅಕ್ಷರ. ಅದು ಡಬಲ್ ಡೈ. ನಮ್ಮವರು ಪ್ರಾಣ ಬಿಡುವುದು ಅದಕ್ಕೆ. ಅಚ್ಚು ಸರಿಯಾಗಿದ್ದು, ನಾಣ್ಯ ಹೊಡೆಯುವಾಗ ಯಂತ್ರದಲ್ಲಿ ಸಡಿಲವಾಗಿ ಅಲುಗಾಡಿದರೆ ಅಕ್ಷರದ ಅಂಚು ತಳ್ಳಿಕೊಂಡು ಹೋಗಿ ಚಪ್ಪಟೆಯಾಗುತ್ತದೆ. ಕಣ್ಣಿಗೆ ಅದೂ ಜೋಡಿಯೇ. ಅದು ಬರೀ ಅಲುಗಾಟ, ಅಂಗಡಿಯಲ್ಲಿ ಖರ್ಚು ಮಾಡಬಹುದು. ನಿಜವಾದದ್ದರಲ್ಲಿ ಅಕ್ಷರ ದಪ್ಪವಾಗಿ ಅದರ ಮೂಲೆ ಸೀಳಿರುತ್ತದೆ. ಅಲುಗಾಟದಲ್ಲಿ ಅಕ್ಷರ ತನ್ನ ಮೈಯನ್ನೇ ಕಳೆದುಕೊಂಡು ಸಣ್ಣಗಾಗಿರುತ್ತದೆ. ಜನ ಆಸೆಯಿಂದ ತರುವುದರಲ್ಲಿ ಮುಕ್ಕಾಲುಪಾಲು ಅಲುಗಾಟವೇ.

ಮೂರು ವರ್ಷದ ಹಿಂದೆ ಬ್ಯಾಂಕಿನಿಂದ ತಂದ ಚಿಲ್ಲರೆಯಲ್ಲಿ ನನಗೊಂದು ಹಳೆಯ ಸೆಂಟು ಸಿಕ್ಕಿತ್ತು. ಲಿಂಕನ್ ತಲೆಯ ಮೇಲಿನ ‘ಇನ್ ಗಾಡ್ ವಿ ಟ್ರಸ್ಟ್’ ಎಂಬ ಬರಹದಲ್ಲಿ ಕೊನೆಯ ಟಿ ಅಕ್ಷರದ ಮೂಲೆ ಸೀಳಿತ್ತು. ಡಬಲ್ ಡೈಗಳ ಯಾವ ಪಟ್ಟಿಯಲ್ಲೂ ಅಂಥದ್ದು ಇರಲಿಲ್ಲ. ಕುಣಿಯುವುದೊಂದು ಬಾಕಿ, ಓಡಿಹೋಗಿ ಅವನ ಮುಂದಿಟ್ಟೆ. ಇಡೀ ಸಂಘದ ಎದುರು ಎಲ್ಡನ್, “ಅಲುಗಾಟ ಕಣೇ ಲವಾನ್, ಒಂದು ಚೂಯಿಂಗ್ ಗಮ್ಮೂ ಬರಲ್ಲ ಇದಕ್ಕೆ,” ಎಂದ. ಎಲ್ಲರೂ ನಕ್ಕರು. ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಆ ಸೆಂಟು ನನ್ನ ಕೈಚೀಲದಲ್ಲೇ ಇದೆ. ಆ ಕೋಪವೂ ಅಲ್ಲೇ ಇತ್ತು.

ಈ ವಸಂತದಲ್ಲಿ ಎಲ್ಡನ್ ತನಗೆ ಸಾಕಾಯಿತು, ಮೇಜನ್ನು ಬೇರೆಯವರಿಗೆ ಬಿಡುತ್ತೇನೆ ಎಂದ. ಅವನು ಯಾರ ಹೆಸರು ಹೇಳುತ್ತಾನೋ ಸಂಘ ಅವರಿಗೇ ಕೊಡುತ್ತದೆ. ನನಗೆ ಆ ಕುರ್ಚಿ ಬೇಕಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ತುಂಬಾ ಬೇಕಿತ್ತು.

“ನಾನು ಕೂತ್ಕೊಳ್ಳಲಾ?” ಎಂದು ಅಡುಗೆಮನೆಯಲ್ಲಿ ಕೇಳಿದೆ.

“ಅಲುಗಾಟಾನ ಅಚ್ಚು ಅಂತ ಹಟ ಹಿಡಿದವಳು ನೀನು. ಜನ ಏನಂತಾರೆ?” ಎಂದ. “ಕರ್ಟಿಸ್‌ಗೆ ಹೇಳಿದೀನಿ.”

ಕರ್ಟಿಸ್ ಇನ್ಶೂರೆನ್ಸ್ ಮಾರುವವನು. ಒಳ್ಳೆಯವನೇ. ಆದರೆ ನಾಣ್ಯ ನೋಡುವ ಮುಂಚೆ ತಂದವರ ಮುಖ ನೋಡುತ್ತಾನೆ.

ಶನಿವಾರ ಬೆಳಿಗ್ಗೆ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸಭೆ. ನಾನು ಗಸಗಸೆ ತುಂಬಿದ ಕೊಲಾಚಿ ಬನ್ನು ಬೇಯಿಸಿ ತಂದಿದ್ದೆ. ಕೋಪ ಕೋಪದ ಪಾಡಿಗೆ, ತಿಂಡಿ ತಿಂಡಿಯ ಪಾಡಿಗೆ. ಕುರ್ಚಿ ಬಿಡುವ ಮುಂಚೆ ಹೊಸ ಸದಸ್ಯರಿಗೆ ಕೊನೆಯ ಪಾಠ ಎಂದು ಎಲ್ಡನ್ ತನ್ನ ಮಾಮೂಲು ಮಾದರಿ ಸೆಂಟನ್ನು ಹೊರತೆಗೆದ. ಅದರ ರಟ್ಟಿನ ಚೌಕಟ್ಟಿನ ಮೇಲೆ ಅವನದೇ ಅಕ್ಷರದಲ್ಲಿ ‘ಅಲುಗಾಟ’ ಎಂದಿದೆ. ಎಷ್ಟೋ ಕಾಲದಿಂದ ಅದನ್ನೇ ಕೈಯಿಂದ ಕೈಗೆ ದಾಟಿಸಿ ಪಾಠ ಹೇಳುತ್ತಾನೆ.

“ಇಸವಿ ನೋಡಿ. ಅಂಕಿ ಹೇಗೆ ಚಪ್ಪಟೆಯಾಗಿದೆ, ನೋಡಿದ್ರಾ? ಇದಕ್ಕೆ ಮೋಸ ಹೋಗ್ಬೇಡಿ.”

ಎಲ್ಲರೂ ಇಸವಿ ನೋಡಿದರು. ಇಷ್ಟು ಕಾಲವೂ ಎಲ್ಲರೂ ಇಸವಿಯನ್ನೇ ನೋಡಿದ್ದು, ನಾನೂ ಸೇರಿ. ಆದರೆ ಆವತ್ತು ನನಗೆ ಅವನ ಮಾತು ಕೇಳುವ ಮನಸ್ಸಿರಲಿಲ್ಲ. ಸೆಂಟು ನನ್ನ ಕೈಗೆ ಬಂದಾಗ ಬೇಕೆಂದೇ ಇಸವಿ ಬಿಟ್ಟು ಮೇಲಿನ ಬರಹ ನೋಡಿದೆ.

ಕೊನೆಯ ಟಿ ಸೀಳಿತ್ತು. ಅದರ ಪಕ್ಕದಲ್ಲಿ ಕೂದಲೆಳೆಯಂಥ ಒಂದು ಗೆರೆ ಉಬ್ಬಿ ನಿಂತಿತ್ತು. ಆ ಗೆರೆ ನನಗೆ ಕಣ್ಣುಮುಚ್ಚಿದರೂ ಗೊತ್ತು, ನನ್ನ ಸೆಂಟಿನಲ್ಲೂ ಇದೆ. ಜೇಬಿನಲ್ಲಿ ಉಜ್ಜಿ ಆದ ಗೀರು ತಗ್ಗಾಗಿರುತ್ತದೆ. ಗೆರೆ ಉಬ್ಬಿದೆ ಎಂದರೆ ಗೀರು ಬಿದ್ದಿದ್ದು ಅಚ್ಚಿನ ಮೇಲೆ. ಎರಡೂ ಒಂದೇ ಅಚ್ಚಿನ ಮಕ್ಕಳು. ಅಲುಗಾಟ ಎರಡು ನಾಣ್ಯದಲ್ಲಿ ಒಂದೇ ಥರ ಬರುವುದಿಲ್ಲ. ಅವನ ಸೆಂಟಿನ ಇಸವಿಯಲ್ಲಿ ಅಲುಗಾಟ ಇದ್ದದ್ದೂ ನಿಜ, ತಲೆಯ ಮೇಲೆ ಅಚ್ಚಿನ ಜೋಡಿ ಇದ್ದದ್ದೂ ನಿಜ.

ಕೈಚೀಲದಿಂದ ನನ್ನ ಸೆಂಟು ತೆಗೆದು ಎರಡನ್ನೂ ಅವನ ಮುಂದಿಟ್ಟೆ. ಅಷ್ಟು ಜನರ ಎದುರೇ. ಸೇಡು ತೀರಿಸಿಕೊಳ್ಳುವ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

“ಇಸವಿ ಬಿಡು. ಮೇಲಿನ ಟಿ ನೋಡು. ಎರಡರಲ್ಲೂ ನೋಡು.”

ಎಲ್ಡನ್ ಭೂತಗನ್ನಡಿ ಹಿಡಿದ. ದೀಪ ಹತ್ತಿರ ಎಳೆದುಕೊಂಡ. ನಾಣ್ಯ ತಿರುಗಿಸಿದ, ಮತ್ತೆ ತಿರುಗಿಸಿದ. ಕರ್ಟಿಸ್ ಕೆಮ್ಮಿದ. ಆಮೇಲೆ ಎಲ್ಡನ್ ಭೂತಗನ್ನಡಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗದೆ ಕೇಳಿದ:

“ಅಕ್ಷರ ದಪ್ಪ ಆಗಿದ್ಯಾ, ಸಣ್ಣ ಆಗಿದ್ಯಾ?”

“ನೀನೇ ನೋಡಿದ್ಯಲ್ಲ.”

“ಹೇಳೇ.”

“ದಪ್ಪ ಆಗಿದೆ.”

“ಮೂಲೆ?”

“ಸೀಳಿದೆ. ಎರಡರಲ್ಲೂ. ಗೆರೆನೂ ಇದೆ.”

“ಗೆರೆ ಉಬ್ಬಿದ್ಯಾ?”

“ಉಬ್ಬಿದೆ.”

“ಹಾಗಾದ್ರೆ ಅಚ್ಚಿನದೇ,” ಎಂದ. “ನನಗೆ ಕಾಣಿಸ್ತಿಲ್ಲ, ಲವಾನ್. ಆವತ್ತೂ ಕಾಣಿಸಿರ್ಲಿಲ್ಲ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

“ಕಣ್ಣಿನ ಮಧ್ಯದಲ್ಲಿ ಮಬ್ಬು ಬಂದ್ಬಿಟ್ಟಿದೆ. ಕಾಣದೇ ಇದ್ದಾಗ ಅಲುಗಾಟ ಅಂತಿದ್ದೆ. ಅಲುಗಾಟ ಅಂದ್ರೆ ಸಾಮಾನ್ಯವಾಗಿ ಸರೀನೇ ಆಗುತ್ತಲ್ಲ. ಒಬ್ಬರೂ ಕಂಡುಹಿಡೀಲಿಲ್ಲ.” ಅವನ ದನಿ ತಗ್ಗಿತು. “ನೀನು ಈ ಕುರ್ಚೀಲಿ ಕೂತ್ರೆ ಮೊದಲು ನಿನ್ನ ಸೆಂಟೇ ತೆಗೀತೀಯ ಅಂತ ಗೊತ್ತಿತ್ತು. ಅದಕ್ಕೇ ಕರ್ಟಿಸ್ ಅಂದೆ.”

ಹೋಟೆಲಿನಲ್ಲಿ ತಿಂಡಿಯ ಪಟ್ಟಿ ಓದು ಎಂದು ನನ್ನ ಕೈಗೆ ಕೊಡುತ್ತಿದ್ದ. ಸಂಜೆಯಾದರೆ ಕಾರು ನೀನೇ ಓಡಿಸು ಎನ್ನುತ್ತಿದ್ದ. ಸೋಮಾರಿತನ ಎಂದು ಬೈದಿದ್ದೆ. ಸೇಡು ಗೀಡು ಎಲ್ಲ ಎಲ್ಲಿಗೋ ಹೋಯಿತು. ಅಳು ಬಂತು, ಅದರ ಬೆನ್ನಿಗೇ ಹೊಸ ಕೋಪ ಬಂತು.

“ನನಗಾದ್ರೂ ಹೇಳಬಾರದಿತ್ತೇನೋ ಪುಣ್ಯಾತ್ಮ?”

“ನಿನಗೇ ಹೇಳೋಕೆ ಕಷ್ಟ ಆಗಿದ್ದು,” ಎಂದ. ಎದ್ದು ಕುರ್ಚಿಯನ್ನು ನನ್ನ ಕಡೆ ತಳ್ಳಿ, ಪಕ್ಕದ ಸ್ಟೂಲಿನ ಮೇಲೆ ಕುಳಿತ. ಕರ್ಟಿಸ್, “ನೀವೇ ಕೂತ್ಕೊಳ್ಳಿ ಲವಾನ್,” ಎಂದ. ಅವನ ಮುಖದಲ್ಲಿ ಬಚಾವಾದ ಸಮಾಧಾನವಿತ್ತು.

ಕುಳಿತೆ. ತಕ್ಷಣ ಮುಂದೆ ಜನ. ಎಲ್ಡನ್ ಬೇಡವೆಂದ ಸೆಂಟುಗಳನ್ನು ಯಾರೂ ಅಂಗಡಿಗೆ ಕೊಟ್ಟಿರಲಿಲ್ಲ. ಎಲ್ಲರೂ ಜೇಬಿನಲ್ಲೇ ಇಟ್ಟುಕೊಂಡಿದ್ದರು, ನನ್ನ ಹಾಗೆ. ಮೊದಲ ಕೆಲವು ಅಲುಗಾಟವೇ.

“ನಿಜವಾಗ್ಲೂ ಅಲುಗಾಟಾನಾ, ಇಲ್ಲ ನನ್ನ ಮುಖ ನೋಡಿ ಹೇಳ್ತಿದೀಯಾ?” ಎಂದ ಎಲ್ಡನ್.

“ನಿನ್ನ ಮುಖ ನೋಡಿ ನಾನು ಯಾವತ್ತು ಏನು ಹೇಳಿದೀನಿ?”

ಆಮೇಲೆ ಓರಿನ್ ಬಂದ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಮಾತು ಕಡಿಮೆ. ಕರವಸ್ತ್ರದಲ್ಲಿ ಸುತ್ತಿದ್ದ ಸೆಂಟನ್ನು ಇಟ್ಟ. ಹೋದ ಚಳಿಗಾಲದಲ್ಲಿ ಎಲ್ಡನ್ ಅದನ್ನು ಅರೆಗಳಿಗೆಯೂ ನೋಡದೆ ವಾಪಸು ಕೊಟ್ಟಿದ್ದು ನನಗೆ ನೆನಪಿತ್ತು. ಭೂತಗನ್ನಡಿಯ ಕೆಳಗೆ ಪ್ರತಿ ಅಕ್ಷರವೂ ದುಂಡಗೆ, ದಪ್ಪಗೆ, ಎಲ್ಲ ಮೂಲೆಯೂ ಸೀಳಿ ನಿಂತಿತ್ತು. ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ನಾಣ್ಯ ತಿರುಗಿಸಿ ಮತ್ತೆ ಮೊದಲಿಂದ ನೋಡಿದೆ.

“ತಡ ಮಾಡ್ತಿದೀಯ,” ಎಂದ ಎಲ್ಡನ್ ಪಕ್ಕದಿಂದ. “ಅಲುಗಾಟ ಆಗಿದ್ರೆ ಇಷ್ಟು ಹೊತ್ತು ಬೇಕಾಗಿರ್ಲಿಲ್ಲ. ಹೇಳ್ಬಿಡು.”

“ಅಚ್ಚಿನದು,” ಎಂದೆ.

ಎಲ್ಡನ್ ಮೇಜಿನ ಅಂಚು ಹಿಡಿದು ಎದ್ದ. ಓರಿನ್ ನಿಂತಿದ್ದ ಜಾಗ ಅಂದಾಜು ಮಾಡಿ, ಕೈಕುಲುಕಲು ಕೈ ಚಾಚಿದ. ಕೈ ಒಂದಿಷ್ಟು ಪಕ್ಕಕ್ಕೆ ಹೋಯಿತು. ಓರಿನ್ ಒಂದು ಹೆಜ್ಜೆ ಸರಿದು ಬಂದು ಅದನ್ನು ಹಿಡಿದುಕೊಂಡ.