ಅತ್ತೆ ಮುರಿದ ರೊಟ್ಟಿ

ನನ್ನ ನಾಲಿಗೆ ಸುಮ್ಮನಿರುವಂಥದ್ದಲ್ಲ. ಮಾತಿಗೂ ಮುಂದು, ರುಚಿ ನೋಡುವುದಕ್ಕೂ ಮುಂದು. ಗುರುಗುಂಟಾದಲ್ಲಿ ಸಣ್ಣವಳಿದ್ದಾಗ ಹುಣಸೆ ಚಿಗುರು, ಎತ್ತಿನ ಹಿಂಡಿ, ಗೋಡೆಯ ಸುಣ್ಣ, ಒಂದನ್ನೂ ಬಿಟ್ಟವಳಲ್ಲ. ನಮ್ಮವ್ವ ಬೆನ್ನಿಗೊಂದು ಗುದ್ದಿ, "ಶೇಕಿ, ನೀ ನಾಲಿಗಿ ಹಚ್ಚದ ಜಾಗ ಈ ಊರಾಗ ಇನ್ನೊಂದು ಉಳದೈತೇನಬೇ?" ಅನ್ನುತ್ತಿದ್ದಳು. ಮಸ್ಕಿಗೆ ಸೊಸೆಯಾಗಿ ಬಂದ ಮೇಲೂ ಈ ಚಟ ಹೋಗಲಿಲ್ಲ. ಹೋಗದಿದ್ದದ್ದೇ ಪುಣ್ಯ, ಇಲ್ಲದಿದ್ದರೆ ನಮ್ಮ ಮಾವ ಎಂದೋ ಕೈಬಿಟ್ಟು ಹೋಗುತ್ತಿದ್ದರು.

ಮಾವ ಗಾಳೆಪ್ಪ ಮಸ್ಕಿ ಸಂತೆಯಲ್ಲಿ ಎತ್ತಿನ ದಲಾಲಿ. ಕೊಳ್ಳುವವನ ಕೈಯನ್ನು ಟವಲಿನ ಕೆಳಗೆ ಹಿಡಿದು, ಬೆರಳಿನಲ್ಲೇ ರೇಟು ಕುದುರಿಸುವುದರಲ್ಲಿ ಸಿಂಧನೂರು, ಲಿಂಗಸುಗೂರು ಕಡೆಯೆಲ್ಲ ಹೆಸರಾದವರು. ಸಿಟ್ಟು ಮೂಗಿನ ತುದಿಯಲ್ಲಿ. ಒಂದು ಸಂತೆಯ ದಿನ ಯಾರ ಜೊತೆಗೋ ಜಗಳಕ್ಕೆ ನಿಂತವರು, ಮೂಗಿನಿಂದ ರಕ್ತ ಸುರಿದು, ಎತ್ತಿನ ಕೊರಳು ಹಿಡಿದುಕೊಂಡೇ ಕುಸಿದು ಕೂತರು. ಮರುದಿನ ನನ್ನ ಗಂಡ ನರಸಣ್ಣ ಬಂಡಿ ಕಟ್ಟಿದ. ತಿನ್ನಲು ಕಲಿಯುತ್ತಿದ್ದ ನನ್ನ ಕೂಸನ್ನು ಅತ್ತೆ ಗದ್ದೆಮ್ಮನ ಮಡಿಲಿಗೆ ಹಾಕಿ, ಮಾವನ ತಲೆಗೆ ಆಸರೆಯಾಗಿ ನಾನು ಬಂಡಿ ಹತ್ತಿದೆ.

ಲಿಂಗಸುಗೂರಿನ ದವಾಖಾನೆಯಲ್ಲಿ ದಸ್ತಗೀರ್‌ಸಾಬ್ ಅಂತ ಡಾಕ್ಟರು, ಹೈದರಾಬಾದಿನಲ್ಲಿ ಓದಿ ಬಂದವರು. ಮಾವನ ತೋಳಿಗೆ ಬಟ್ಟೆಯ ಪಟ್ಟಿ ಸುತ್ತಿ, ರಬ್ಬರಿನ ಉಂಡೆ ಒತ್ತಿ ಒತ್ತಿ ಗಾಳಿ ತುಂಬಿದರು. ಗಾಜಿನ ಕೊಳವೆಯಲ್ಲಿ ಪಾದರಸ ಸರಸರ ಏರಿತು. ನಾನು ಕತ್ತು ಉದ್ದ ಮಾಡಿ ನೋಡಿದೆ. ಸಾಬರ ಮುಖ ಗಂಭೀರವಾಯಿತು.

"ಗಾಳೆಪ್ಪ, ರಗತದ ಜೋರು ಭಾಳ ಏರೈತಿ. ಹಿಂಗ ಬಿಟ್ರ ತಲಿಯಾಗಿನ ನರ ಒಡೀತೈತಿ. ಕೈಕಾಲು ಹೋಗ್ತಾವ, ಜೀವಾನೂ ಹೋಗಬಹುದು. ಇದಕ್ಕ ನನ್ನ ಕಡೆ ಪಕ್ಕಾ ದವಾ ಇಲ್ಲ. ಉಪ್ಪು ಬಂದ್ ಮಾಡು. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಎಲ್ಲಾ ಬಂದ್. ರೊಟ್ಟಿ, ಕಾಳು, ಸೊಪ್ಪು, ಹಾಲು ತಿನ್ನು."

"ಉಪ್ಪಿಲ್ಲಂದ್ರ ಎತ್ತೂ ಮೇವು ಮೂಸಂಗಿಲ್ಲರೀ ಸಾಬ್!" ಅಂದರು ಮಾವ.

ನನ್ನಿಂದ ತಡೆಯಲಾಗಲಿಲ್ಲ. "ಉಪ್ಪಿಗೂ ರಗತಕ್ಕೂ ಏನ್ರೀ ಸಂಬಂಧ?" ಅಂತ ಕೇಳಿಯೇಬಿಟ್ಟೆ. ಗಂಡ ಕಣ್ಣು ಕೆಂಪು ಮಾಡಿದ. ಸಾಬರು ಮಾತ್ರ ನಕ್ಕು, "ಉಪ್ಪು ತಿಂದ್ರ ನೀರಡಿಕಿ ಆಗತೈತಿಲ್ಲ? ಹಂಗ ಮೈಯಾಗಿನ ರಗತಾನೂ ನೀರು ಹಿಡಕೊಂತೈತಿ. ಕಾಲುವ್ಯಾಗ ನೀರು ಹೆಚ್ಚಾದ್ರ ಒಡ್ಡಿನ ಮ್ಯಾಲೆ ಜೋರು ಬೀಳಂಗಿಲ್ಲೇನು?" ಅಂದರು. ಎಷ್ಟು ಚೆಂದ ಹೇಳಿದರು! ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತ ಬಂದೆ.

ಅತ್ತೆಗೆ ಎಲ್ಲ ಹೇಳಿದೆ. ಉಪ್ಪು ಬಂದ್ ಅಂದ ಕೂಡಲೆ ಅವಳ ಮುಖ ಬಿಳುಪೇರಿತು. ಆಮೇಲೆ, "ಪಲ್ಯ ನೀ ಮಾಡು. ಅವರ ರೊಟ್ಟಿ ಮಾತ್ರ ನಾನೇ ಬಡೀತೀನಿ, ನೀ ಮುಟ್ಟಬ್ಯಾಡ" ಅಂದಳು. ಗಂಡನ ಮೇಲಿನ ಅಕ್ಕರೆ ಅಂದುಕೊಂಡೆ.

ಮೊದಲ ದಿನ ನನ್ನ ಸಪ್ಪೆ ಪಲ್ಯವನ್ನು ಮಾವ ಬಾಯಿಗಿಟ್ಟು, ನನ್ನನ್ನೊಮ್ಮೆ ನೋಡಿ, ಕಷಾಯ ಕುಡಿದವರ ಹಾಗೆ ನುಂಗಿದರು. ಅಯ್ಯೋ ಪಾಪ ಅನ್ನಿಸಿತು. ಅಂದಿನಿಂದ ನನಗೆ ಅದೇ ಹುಚ್ಚು ಹಿಡಿಯಿತು. ಉಪ್ಪಿಲ್ಲದೆ ಬಾಯಿಗೆ ಒಪ್ಪುವಂಥದ್ದು ಏನಿದೆ? ಮೆಂತ್ಯ ಸೊಪ್ಪಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಹೆಸರುಕಾಳಿಗೆ ಲಿಂಬೆಹುಳಿ ಹಿಂಡಿದೆ. ಹಸಿ ಮೆಣಸಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ಹುಣಸೆಹಣ್ಣಿನ ಜೊತೆ ಕುಟ್ಟಿದೆ. ಪುಂಡಿಪಲ್ಯ ತಾನೇ ಹುಳಿ ಸೊಪ್ಪು, ಅದಕ್ಕೆ ಯಾರ ಹಂಗೂ ಬೇಡ. ಅಗಸಿಯನ್ನು ಹುರಿದು ಬರೀ ಖಾರದಲ್ಲಿ ಪುಡಿ ಮಾಡಿದರೆ, ಗಟ್ಟಿ ಮೊಸರು ಹಾಕಿಕೊಂಡು ಮಾವ ಎರಡನೇ ಸಲ ಕೇಳಿದರು. ಒಲಿದರು ಅಂತ ಕುಣಿದೆ. "ಪಲ್ಯ ಹೆಂಗರ ಇರಲಿ ಬೇ, ನಿಮ್ಮತ್ತಿ ಕೈಯಾಗಿನ ರೊಟ್ಟಿ ಬರೇ ತಿಂದ್ರೂ ರುಚಿ" ಅಂದರು ಮಾವ. ನನಗೆ ಸ್ವಲ್ಪ ಹೊಟ್ಟೆ ಉರಿಯಿತು, ಇರಲಿ.

ಅಮಾಸಿ ಕಳೆದ ಮೇಲೆ ಮತ್ತೆ ಲಿಂಗಸುಗೂರಿಗೆ ಹೋದೆವು. ಪಾದರಸ ಒಂದು ಕೂದಲೂ ಇಳಿದಿರಲಿಲ್ಲ.

"ಚೋರಿ ನಡದೈತಿ ಗಾಳೆಪ್ಪ! ಎಲ್ಲೋ ಉಪ್ಪು ತಿನ್ನಾಕತ್ತೀದಿ!" ಅಂತ ಸಾಬರು ಸಿಡುಕಿದರು.

"ಗುಡ್ಡದ ಮಲ್ಲಯ್ಯನ ಆಣಿರೀ, ಒಂದು ಹರಳು ಬಾಯಿಗೆ ಹಾಕಿಲ್ಲ!"

ಸಾಬರು ನನ್ನ ಕಡೆ ತಿರುಗಿ, "ಮುಂದಿನ ಸಲ ಅಡಿಗಿ ಮಾಡೋರನ್ನೆಲ್ಲ ಕರಕೊಂಡು ಬಾರವ್ವ" ಅಂದರು. ಬಂಡಿ ಏರುವಾಗ ಮಾವ ನನಗೊಬ್ಬಳಿಗೇ ಕೇಳುವಂತೆ, "ಎಡಗೈ ಜುಮ್ ಅನ್ನಾಕತ್ತೈತಿ. ನಿಮ್ಮತ್ತಿಗೆ ಹೇಳಬ್ಯಾಡ" ಅಂದರು. ಮಲ್ಲಯ್ಯನ ಮೇಲೆ ಸುಳ್ಳು ಆಣೆ ಇಡುವ ಮನುಷ್ಯ ಅವರಲ್ಲ. ಹಾಗಾದರೆ ಉಪ್ಪು ಬರುತ್ತಿರುವುದು ಎಲ್ಲಿಂದ?

ಹುಡುಕಲು ಶುರು ಮಾಡಿದೆ. ಮನೆಯ ಗಡಿಗೆ, ಡಬ್ಬಿ, ಭರಣಿಯಲ್ಲೆಲ್ಲ ಬೆರಳು ಅದ್ದಿ ನೆಕ್ಕಿದೆ. ಮಜ್ಜಿಗೆ ಸಪ್ಪೆ, ಅಗಸಿ ಪುಡಿ ಸಪ್ಪೆ. ಸಂತೆಯಲ್ಲಿ ಬಜ್ಜಿ ಕರಿಯುವ ಗುಲ್ಷನ್‌ಬೀ ಹತ್ತಿರ ಹೋಗಿ ಕೇಳಿದರೆ, "ನಿಮ್ಮ ಮಾವ ಬರ್ತಾರವ್ವ. ನಿಂತು ವಾಸನಿ ತಗೊಂತಾರ, ಉಸ್ಸಂತಾರ, ಹೋಗ್ತಾರ. ರೊಕ್ಕಾ ಇಸಗೊಂಡಿಲ್ಲ, ವಾಸನಿಗೆ ಹೆಂಗ ಇಸಗೊಳ್ಳಲಿ?" ಅಂತ ನಕ್ಕಳು. ಆಮೇಲೆ ಹೊಳೆಯಿತು: ನೀರು! ಹಿತ್ತಲ ಬಾವಿಯ ನೀರನ್ನು ಬೋಗುಣಿಯಲ್ಲಿ ಕಾಯಿಸಿ ಕಾಯಿಸಿ ಇಂಗಿಸಿದೆ. ತಳದಲ್ಲಿ ಬಿಳಿ ಪೊರೆ ಕೂತಿತ್ತು. ನೆಕ್ಕಿದೆ. ಸವುಳು ಸವುಳು! ಸಿಕ್ಕಿತು ಕಳ್ಳ ಅಂತ ಕೂಗಿಕೊಂಡೆ. ಅಂದಿನಿಂದ ಊರಾಚೆಯ ಸಿಹಿನೀರ ಬಾವಿಯಿಂದ ಕೊಡ ಹೊತ್ತು ತಂದೆ. ಸೊಂಟ ಬಿದ್ದುಹೋಯಿತು. ಆದರೂ ಮಾವನ ತಲೆನೋವು ಇಳಿಯಲಿಲ್ಲ, ಕೈಯ ಜುಮ್ಮು ಹೋಗಲಿಲ್ಲ.

ಒಂದು ಮಧ್ಯಾಹ್ನ ಮಾವ ಉಣ್ಣಲು ಕೂತಿದ್ದರು. ನನ್ನ ಸೊಂಟದ ಮೇಲಿದ್ದ ಕೂಸು ಬಾಗಿ, ತಾತನ ತಾಟಿನಿಂದ ರೊಟ್ಟಿಯ ಚೂರೊಂದನ್ನು ಕಿತ್ತು ಬಾಯಿಗೆ ತುರುಕಿಕೊಂಡಿತು. ಗಂಟಲಿಗೆ ಸಿಕ್ಕೀತು ಅಂತ ಬೆರಳು ಹಾಕಿ ತೆಗೆದೆ. ತೆಗೆದದ್ದನ್ನು ಏನು ಮಾಡಲಿ? ನನ್ನ ಬಾಯಿಗೇ ಹಾಕಿಕೊಂಡೆ.

ಉಪ್ಪು!

ಜೋಳದ ರೊಟ್ಟಿಗೆ ಉಪ್ಪು ಹಾಕುವವರನ್ನು ನಮ್ಮ ಕಡೆ ಯಾರಾದರೂ ಕಂಡಿದ್ದೀರಾ? ಹಿಟ್ಟು, ಬಿಸಿ ಎಸರು, ಮುಗಿಯಿತು. ಅದಕ್ಕೇ ನಾನು ಮನೆಯದೆಲ್ಲ ನೆಕ್ಕಿ ನೋಡಿದರೂ ಆ ರೊಟ್ಟಿಯನ್ನೊಂದು ಬಿಟ್ಟಿದ್ದೆ. ಕೂಸನ್ನು ಎತ್ತಿಕೊಂಡೇ ಅಡುಗೆಮನೆಗೆ ನುಗ್ಗಿದೆ. ಅತ್ತೆ ಇನ್ನೊಂದು ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು.

"ಅತ್ತೀ, ಮಾವನ್ನ ಕೊಲ್ಲಬೇಕಂತ ಮಾಡೀರೇನ್ರೀ? ಎಸರಿಗೆ ಉಪ್ಪು ಹಾಕೀರಿ!"

ಅವಳ ಕೈ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು.

"ಉಪ್ಪಿಲ್ಲದ ಅಡಿಗಿ ನಾ ಒಂದ ಸಲ ಮಾಡೀನಿ ಶೇಕಿ. ನನ್ನ ಹಿರೇಮಗ ಸತ್ತ ಮೂರನೇ ದಿನ. ಮಣ್ಣು ಮಾಡಿದ ಜಾಗಕ್ಕ ಒಯ್ದು ಎಡಿ ಇಟ್ಟು ಬಂದೆ. ಸತ್ತೋರಿಗೆ ಇಡೋ ಊಟ ಅದು. ಕುಂತು ಮಾತಾಡೋ ಗಂಡಗ ಈ ಕೈಲೆ ಅದನ್ನ ಬಡಿಸಲೇನು? ನನ್ನ ಕೈಲೆ ಆಗಂಗಿಲ್ಲ ಯವ್ವ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ನರಸಣ್ಣನಿಗೊಬ್ಬ ಅಣ್ಣ ಇದ್ದ ಅನ್ನುವುದಷ್ಟೇ ನನಗೆ ಗೊತ್ತಿತ್ತು. ಆ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಪಕ್ಕದಲ್ಲಿ ಕೂತೆ. ಸಂಕಟವಾಯಿತು. ಆದರೆ ಹೊರಗೆ ಜೀವಂತ ಮನುಷ್ಯನ ಎಡಗೈ ಜುಮ್ಮೆನ್ನುತ್ತಿತ್ತಲ್ಲ!

"ಹಂಗಾದ್ರ ಅತ್ತೀ, ದಿನಾ ಈ ಕೂಸಿಗೆ ಹಾಲು-ರೊಟ್ಟಿ ಕಿವುಚಿ ತಿನ್ನಸ್ತೀರಲ್ಲ. ಅದರಾಗ ಎಲ್ಲೈತಿ ಉಪ್ಪು? ಅದೂ ಎಡೀನಾ?"

"ಥೂ! ಬಿಡ್ತು ಅನ್ನು! ಎಂಥಾ ಮಾತಾಡ್ತಿ! ಅದು ಬ್ಯಾರೆ."

"ಹೆಂಗ ಬ್ಯಾರೆ?" ಅಂದೆ. ಜಗಳಕ್ಕಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು.

ಅತ್ತೆ ಯೋಚಿಸಿದಳು. ಇಂಥದ್ದನ್ನು ಅವಳನ್ನು ಯಾರೂ ಕೇಳಿರಲಿಕ್ಕಿಲ್ಲ. "ಕೂಸಿಂದು ನಾ ಮೊದ್ಲು ನನ್ನ ನಾಲಿಗಿಗೆ ಹಚ್ಚಿ, ಬಿಸಿ ನೋಡಿ ತಿನ್ನಸ್ತೀನಿ. ನನ್ನ ಎಂಜಲು ಅದು. ಎಡಿ ಅಂದ್ರ ಮೀಸಲು. ಅದಕ್ಕ ಯಾರೂ ಬಾಯಿ ಹಚ್ಚಂಗಿಲ್ಲ..."

ಹೇಳುತ್ತಲೇ ಅವಳಿಗೇನೋ ಹೊಳೆದ ಹಾಗಾಯಿತು. ನನ್ನ ಮುಖ ನೋಡಿದಳು. ಆಮೇಲೆ ಎದ್ದು, ನಾದಿದ ಹಿಟ್ಟನ್ನು ಎಮ್ಮೆಯ ಕಲಗಚ್ಚಿನ ಬಾನಿಗೆ ಹಾಕಿ ಬಂದು, ಬೇರೆ ಎಸರಿಟ್ಟಳು. ಈ ಸಲದ ಎಸರಿಗೂ ನಾನು ಬೆರಳು ಅದ್ದಿ ನೋಡಿದೆ ಅನ್ನಿ. ಸಪ್ಪೆಯೇ ಇತ್ತು.

"ರೊಟ್ಟಿ ತರ್ತೀರೋ ಇಲ್ಲೋ?" ಅಂತ ಹೊರಗಿನಿಂದ ಮಾವ ಕೂಗಿದರು. ಅತ್ತೆ ಬಿಸಿ ರೊಟ್ಟಿ ತಂದು ಅವರ ತಾಟಿಗೆ ಹಾಕಿದಳು. ಹಾಕಿದವಳು ಅಲ್ಲೇ ಕೂತು, ಅವರು ಕೈ ಹಚ್ಚುವ ಮೊದಲೇ ರೊಟ್ಟಿಯ ಅಂಚು ಮುರಿದು, ಪಲ್ಯ ಹಚ್ಚಿ ತನ್ನ ಬಾಯಿಗೆ ಇಟ್ಟುಕೊಂಡಳು.

ನಮ್ಮ ಮನೆಯಲ್ಲಿ ಗಂಡಸರು ಉಂಡು ಎದ್ದ ಮೇಲೆಯೇ ಹೆಂಗಸರ ಊಟ. ಮಾವನ ಮುಖ ಕೆಂಪೇರಿತು. "ಏ! ತಲಿ ಕೆಟ್ಟೈತೇನು ನಿನಗ? ನಾ ಉಣ್ಣೋಕಿಂತ ಮೊದ್ಲು, ನನ್ನ ತಾಟಿನಾಗ? ನಿನ್ನ ಎಂಜಲು ತಿನ್ನಲೇನು ನಾ?" ನರ ಒಡೆದೇಬಿಟ್ಟಿತು ಅಂತ ನಾನು ಕೂಸನ್ನು ಅವುಚಿಕೊಂಡೆ.

ಅತ್ತೆ ಅಗಿದು ನುಂಗಿದಳು. ಎಂದೂ ಎದುರಾಡಿದವಳಲ್ಲ. "ಹಿರ್ಯಾನ ಎಡಿಗೆ ನಾ ಬಾಯಿ ಹಚ್ಚಲಿಲ್ಲ" ಅಂದಳು. "ನಿಮ್ಮ ತಾಟಿಗೆ ಹಚ್ಚೀನಿ. ದಿನಾ ಹಚ್ಚತೀನಿ. ಹೊಡಿಬೇಕಾದ್ರ ಹೊಡೀರಿ, ಆದ್ರ ಉಣ್ರಿ."

ಮಾವ ಅಂಚು ಮುರಿದ ರೊಟ್ಟಿಯನ್ನು ನೋಡಿದರು. ಆಮೇಲೆ ಅವಳು ಮುರಿದ ಕಡೆಯಿಂದಲೇ ಚೂರು ಮುರಿದು ತಿಂದರು.

"ಸಪ್ಪಗೈತಿ" ಅಂದರು.

"ಹೌದು" ಅಂದಳು ಅತ್ತೆ.

ಅವರು ಇಡೀ ರೊಟ್ಟಿ ತಿಂದರು. ಅಂದಿನಿಂದ ಪ್ರತಿ ಊಟಕ್ಕೂ ಅದೇ ಪದ್ಧತಿಯಾಯಿತು. ಅತ್ತೆ ಬರುವುದು ತಡವಾದರೆ ಮಾವ ತಾಟಿಗೆ ಕೈ ಹಚ್ಚದೆ ಕೂತು, "ಏ, ಬಾ, ಮುರಿ ಬಾ, ಹೊಟ್ಟಿ ಹಸದೈತಿ" ಅಂತ ಕೂಗುತ್ತಿದ್ದರು. ಕೈಯ ಜುಮ್ಮು ನಿಧಾನಕ್ಕೆ ಹೋಯಿತು.

ಸುಗ್ಗಿ ಮುಗಿದ ಮೇಲೆ ಲಿಂಗಸುಗೂರಿಗೆ ಹೋದಾಗ ಅತ್ತೆಯೂ ಬಂಡಿ ಹತ್ತಿದಳು. ದವಾಖಾನೆಯಲ್ಲಿ ಜನ ಕಿಕ್ಕಿರಿದಿದ್ದರು. ಸಾಬರು ಪಟ್ಟಿ ಸುತ್ತಿ ಗಾಳಿ ತುಂಬಿದರು, ಬಿಟ್ಟರು. ಎಷ್ಟೋ ಕೆಳಗೆ ಬಂದು ಪಾದರಸ ನಿಂತಿತು. ಸಾಬರು ನಂಬದೆ ಇನ್ನೊಂದು ಸಲ ನೋಡಿದರು.

"ಶಾಬಾಶ್ ಗಾಳೆಪ್ಪ! ಏನ್ ತಿಂದಿ, ಹೇಳು!"

ಮೆಂತ್ಯ ಸೊಪ್ಪು, ಲಿಂಬೆಹುಳಿ, ಅಗಸಿ ಪುಡಿ ಅಂತ ಹೇಳಲು ನಾನು ಬಾಯಿ ತೆರೆದೆ. ಆದರೆ ಎತ್ತಿನ ರೇಟನ್ನೂ ಟವಲಿನ ಕೆಳಗೆ ಮುಚ್ಚಿಟ್ಟು ಬದುಕಿದ ನಮ್ಮ ಮಾವ, ಸಂತೆಯಲ್ಲಿ ಕೂಗುವ ಗಂಟಲಿನಲ್ಲಿ, ಇಡೀ ದವಾಖಾನೆಗೆ ಕೇಳುವಂತೆ ಹೇಳಿದರು:

"ನನ್ನ ಹೆಂಡ್ತಿ ಎಂಜಲು ತಿಂದೀನ್ರೀ ಸಾಬ್!"